ಜೇಬಿನಲ್ಲುಳಿದ ಸ್ಪ್ಯಾನರ್

ಸೋಪಿನ ನೀರಿನೊಳಗೆ ಬೆರಳಿಗೆ ಏನೋ ತಣ್ಣಗೆ ತಗುಲಿತು, ಗುಂಡಿಯಲ್ಲ, ಬೀಗದ ಕೈಯೂ ಅಲ್ಲ, ಉದ್ದಕ್ಕಿದೆ, ಗಟ್ಟಿಯಾಗಿದೆ — ಈ ಮನುಷ್ಯನ ಜೇಬಿನಲ್ಲಿ ಇಷ್ಟು ವರ್ಷಗಳಲ್ಲಿ ಒಂದು ಬಸ್ಸಿನ ಟಿಕೇಟೂ ಸಿಕ್ಕಿದ್ದಿಲ್ಲ, ಬೇರೆ ಹೆಂಗಸರು ಗಂಡಂದಿರ ಜೇಬು ತಡಕಿ ಏನೇನೋ ಹೊರಗೆಳೆದು ವಾರಗಟ್ಟಲೆ ಮಾತು ಬಿಟ್ಟು ಕೂರುತ್ತಾರೆ, ತನಗೆ ಆ ಸುಖವೂ ಇಲ್ಲವೆಂದು ಅವಳು ಎಷ್ಟು ಸಲ ಗೊಣಗಿಕೊಂಡಿಲ್ಲ, ಓವರಾಲ್ ಬಿಚ್ಚಿದರೆ ಎಲ್ಲ ಜೇಬನ್ನೂ ಒಳಗಿಂದ ಹೊರಕ್ಕೆ ಮಗುಚಿ ತೋರಿಸಿಯೇ ಬುಟ್ಟಿಗೆ ಹಾಕುವ ಪ್ರಾಣಿ ಅದು, ಹಾಗಾದರೆ ಇದೇನು, ನೊರೆ ಒರೆಸಿ ನೋಡಿದಳು, ಅಂಗೈಯಷ್ಟುದ್ದದ ಸ್ಪ್ಯಾನರ್, ಎರಡು ತುದಿಗೂ ಬಾಯಿ, ನಡುವೆ ಕೊರೆದ ನಂಬರು. ಮನೆಯದಲ್ಲ. ವಿಮಾನದ ಕೆಲಸದ್ದು. ಆಗಲೇ ಗೊತ್ತಾದದ್ದು ಅವಳಿಗೆ, ಬೆಳಗಿನಿಂದ ಏನೋ ಸರಿಯಿಲ್ಲ ಅನ್ನಿಸುತ್ತಿತ್ತಲ್ಲ, ಅದೇನೆಂದು — ಸದ್ದೇ ಇಲ್ಲ. ಇಷ್ಟು ಹೊತ್ತಿಗೆ ಒಂದರ ಹಿಂದೊಂದು ವಿಮಾನ ಏರಬೇಕು, ಕಿಟಕಿಯ ಗಾಜು ಕಟಕಟ ಹಲ್ಲು ಕಡಿಯಬೇಕು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಕುಣಿಯಬೇಕು. ಗಾಜು ಸುಮ್ಮನಿದೆ. ಮುಚ್ಚಳ ಸುಮ್ಮನಿದೆ. ವಾಯುಪಡೆಯ ಕ್ವಾರ್ಟರ್ಸಿನಲ್ಲಿ ನೆಮ್ಮದಿ ಅಂದರೆ ಗದ್ದಲ, ಸದ್ದು ನಿಂತಿತೆಂದರೆ ಎಲ್ಲೋ ಏನೋ ಆಗಿದೆ ಅಂತ ಲೆಕ್ಕ.

ಏನೇ, ಕೇಳಿಸ್ಕೊಂಡ್ಯಾ, ಅಂತ ಕಾಂಪೌಂಡಿನ ಆಚೆಯಿಂದ ರೇಡಿಯೋ ಶುರುವಾಯಿತು, ರೇಡಿಯೋ ಅಂದರೆ ಪಕ್ಕದ ಮನೆಯಾಕೆ, ಗಂಡ ವಿಮಾನದ ರೇಡಿಯೋ ರಿಪೇರಿ ಮಾಡುತ್ತಾನೆ, ಹೆಂಡತಿ ಪ್ರಸಾರ ಮಾಡುತ್ತಾಳೆ, ಏನೋ ಸ್ಪ್ಯಾನರ್ ಕಾಣೆಯಂತೆ ಕಣೆ, ರಾತ್ರಿ ಪಾಳಿ ಮುಗಿದು ಎಣಿಸುವಾಗ ಒಂದು ಕಮ್ಮಿಯಂತೆ, ಎಲ್ಲಾ ವಿಮಾನ ನಿಲ್ಸಿದಾರೆ, ಒಳಗಿದ್ದೋರು ಯಾರೂ ಮನೆಗೆ ಬರೋ ಹಾಗಿಲ್ಲ, ನಮ್ಮನೆಯವರು ತಿಂಡಿ ತಿಂದಿಲ್ಲ, ಎದುರು ಮನೆ ಬಾಣಂತಿ ಗಂಡನೂ ಒಳಗೇ, ಪಾಪ, ಒಬ್ಬಳೇ ಕೂತು ಅಳ್ತಿದೆ ಅದು, ಮಧ್ಯಾಹ್ನ ಹೊರಡೋ ದೊಡ್ಡ ವಿಮಾನನೂ ಹೊರಡಲ್ವಂತೆ — ಅಲ್ಲಾ, ನಿಮ್ಮನೆಯವರೂ ಅದ್ರಲ್ಲೇ ಅಲ್ವೇನೆ ಹೋಗೋದು? ಅವಳು ಸ್ಪ್ಯಾನರನ್ನು ಹಿಡಿದ ಕೈಯನ್ನು ಬಕೆಟ್ಟಿನೊಳಕ್ಕೆ ಇಳಿಸಿದಳು, ಹೂಂ ಅಂದಳು, ಅದ್ರಲ್ಲೇ ಅಂದಳು. ಹೋದ ವರ್ಷ ನೆನಪಿದ್ಯಾ, ಆ ಹುಡುಗ, ಸ್ಕ್ರೂಡ್ರೈವರ್ ಕಳ್ಕೊಂಡೋನು, ವಿಚಾರಣೆ ಮುಗಿಯೋವರೆಗೂ ಏರ್‌ಫೋರ್ಸ್ ಸ್ಟೇಷನ್ ಬಿಟ್ಟು ಹೋಗೋ ಹಾಗಿಲ್ಲ ಅಂತ ಕೂರ್ಸಿಬಿಟ್ರು, ವಿಮಾನದ ಹತ್ರ ಸುಳಿಯೋ ಹಾಗಿಲ್ಲ, ಬಡ್ತಿಯೂ ಹೋಯ್ತು, ಈಗ ಅವನ ಹೆಸರೇ ಸ್ಕ್ರೂಡ್ರೈವರ್. ಇವತ್ತು ಯಾರ ಗ್ರಹಚಾರವೋ ಕಾಣೆ, ನಿಮ್ಮನೆಯವರಿಗೇನು ಬಿಡು, ಸೂಜಿ ಬಿದ್ರೂ ಲೆಕ್ಕ ಇಡೋರು. ಹೌದೌದು, ಲೆಕ್ಕ ಇಡೋರು, ಎಂದು ಅವಳು ಮನಸ್ಸಿನಲ್ಲೇ ಹಲ್ಲು ಕಚ್ಚಿದಳು, ನೀರಿನೊಳಗೆ ಆ ಕಬ್ಬಿಣ ಅವಳ ಅಂಗೈಯನ್ನು ಒತ್ತುತ್ತಿತ್ತು.

ಹಲಗೆ. ವಿಮಾನ ನಿಲ್ಲಿಸುವ ಹ್ಯಾಂಗರಿನ ಗೋಡೆಯ ಆ ಹಲಗೆ. ಮನೆಯವರನ್ನೆಲ್ಲ ಒಳಗೆ ಕರೆದು ತೋರಿಸುವ ದಿನ ಒಂದು ಬರುತ್ತದೆ ವರ್ಷಕ್ಕೆ, ಬೇರೆ ಗಂಡಸರು ಹೆಂಡತಿ ಮಕ್ಕಳನ್ನು ವಿಮಾನದ ಮೂತಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರೆ ಇವರು ಅವಳನ್ನು ಸೀದಾ ಹಲಗೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದರು, ನೋಡು ಅಂತ, ದೇವರ ಮುಂದೆ ನಿಲ್ಲಿಸಿದ ಹಾಗೆ — ಒಂದೊಂದು ಉಪಕರಣಕ್ಕೂ ಅದರದೇ ಆಕಾರದಲ್ಲಿ ಬಿಳಿ ಬಣ್ಣ ಬಳಿದಿದೆ, ಸುತ್ತಿಗೆಗೆ ಸುತ್ತಿಗೆಯ ಆಕಾರ, ಇಕ್ಕಳಕ್ಕೆ ಇಕ್ಕಳದ ಆಕಾರ, ತೆಗೆದರೆ ಬಿಳಿ ಕಾಣುತ್ತದೆ, ಇಟ್ಟರೆ ಮುಚ್ಚಿಹೋಗುತ್ತದೆ, ಒಂದು ಬಿಳಿ ಕಂಡರೂ ಒಂದು ವಿಮಾನನೂ ನೆಲ ಬಿಡೋ ಹಾಗಿಲ್ಲ ಕಣೆ, ಇಷ್ಟೇ ಇಷ್ಟು ಕಬ್ಬಿಣ ರೆಕ್ಕೆ ಒಳಗೆ ಉಳೀತು ಅಂದ್ರೆ ಮೇಲೆ ಹೋದೋನು ಕೆಳಗೆ ಬರಲ್ಲ. ಅಷ್ಟು ಮಾತು ಒಟ್ಟಿಗೆ ಅವರು ಮದುವೆಯ ಮಾತುಕತೆಯಲ್ಲೂ ಆಡಿರಲಿಲ್ಲ. ಮನೆಗೆ ಬಂದವರೇ ಒಂದು ಪ್ಲೈವುಡ್ ಹಲಗೆ ತಂದು ಅಡುಗೆಮನೆಯ ಗೋಡೆಗೆ ಆನಿಸಿ ಸೌಟಿಗೆ ಸೌಟಿನ ಆಕಾರ, ಚಾಕುವಿಗೆ ಚಾಕುವಿನ ಆಕಾರ, ಜರಡಿಗೂ ಒಂದು ದುಂಡನೆಯ ಬಿಳಿ, ಅವಳು ತಲೆ ಚಚ್ಚಿಕೊಂಡಳು, ಇದೇನ್ರೀ ಅಡುಗೆಮನೆನಾ ಗ್ಯಾರೇಜಾ, ಆದರೂ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ, ಊರಿನಿಂದ ಊರಿಗೆ ಆ ಹಲಗೆ ಹಾಸಿಗೆಯೊಳಗೆ ಸುತ್ತಿಕೊಂಡು ಬಂದಿದೆ, ಪಿಂಗಾಣಿ ಒಡೆದಿದೆ, ಕನ್ನಡಿ ಒಡೆದಿದೆ, ಹಲಗೆಗೆ ಏನೂ ಆಗಿಲ್ಲ. ಸಿಟ್ಟು ಬಂದಾಗ ಅವಳು ಬೇಕಂತಲೇ ಸೌಟನ್ನು ಚಾಕುವಿನ ಜಾಗದಲ್ಲಿ ನೇತುಹಾಕುತ್ತಾಳೆ, ಅವರು ಬಂದು ನೋಡುತ್ತಾರೆ, ಏನೂ ಕೇಳುವುದಿಲ್ಲ, ಸೌಟನ್ನು ಸರಿಯಾದ ಜಾಗಕ್ಕೆ ಹಾಕಿ ಟೀ ಮಾಡಿ ಕೊಡುತ್ತಾರೆ, ಅಲ್ಲಿಗೆ ಜಗಳ ಮುಗಿಯಿತು. ಎರಡು ದಿನದಿಂದ ಸೌಟು ಚಾಕುವಿನ ಜಾಗದಲ್ಲೇ ಇದೆ. ಈಗಲೂ ಇದೆ.

ಇವತ್ತು ನಸುಕಿನಲ್ಲಿ ಗೇಟಿನ ಹತ್ತಿರ ಸೈಕಲ್ಲು ಬಿದ್ದ ಸದ್ದು — ಅವರು ಸೈಕಲ್ಲನ್ನು ಯಾವತ್ತೂ ಬೀಳಿಸಿದವರಲ್ಲ — ಅವಳು ಎದ್ದು ಬಾಗಿಲು ತೆರೆದರೆ ಮೈಯೆಲ್ಲ ಎಣ್ಣೆಯ ವಾಸನೆ, ಮೊಣಕಾಲಿಗೆ ಗ್ರೀಸು, ರೆಕ್ಕೆಯ ಕೆಳಗಿಂದ ಎದ್ದವರು ಎದ್ದ ಹಾಗೇ ಬಂದಿದ್ದಾರೆ. ರಜೆ ಕ್ಯಾನ್ಸಲ್ ಆಯ್ತು, ಅಂದರು. ಮಧ್ಯಾಹ್ನ ಹೊರಡ್ಬೇಕು. ಎಷ್ಟು ದಿನ ಅಂತ ಹೇಳಿಲ್ಲ. ಅವಳ ಬಾಯಿಗೆ ಬಂದದ್ದೆಲ್ಲ ಬಂದ ದಾರಿಯಲ್ಲೇ ವಾಪಸು ಹೋಯಿತು, ನಾಳೆ ಬೆಳಿಗ್ಗೆ ಮಗಳ ಬೆನ್ನು ಕೊಯ್ಯುತ್ತಾರೆ ಅಂತ ಈ ಮನುಷ್ಯನಿಗೆ ಅವಳು ನೆನಪಿಸಬೇಕೇ? ಅವರು ಮಗಳ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು, ಒಳಗೆ ಹೋಗಲಿಲ್ಲ, ಗ್ರೀಸಿನ ಕೈಯನ್ನು ಬಾಗಿಲ ಚೌಕಟ್ಟಿಗೆ ತಾಗಿಸದೆ ಗಾಳಿಯಲ್ಲೇ ಹಿಡಿದುಕೊಂಡು ನಿಂತರು, ಹುಡುಗಿ ಒಂದು ಮಗ್ಗುಲಾಗಿ ಮಲಗಿತ್ತು, ಅದಕ್ಕೆ ಅಂಗಾತ ಮಲಗಲಿಕ್ಕೆ ಬರುವುದಿಲ್ಲ. ಎಬ್ಬಿಸ್ಲಾ, ಅಂದಳು. ಬೇಡ, ಅಂದರು. ಓವರಾಲ್ ಬಿಚ್ಚಿ ಬುಟ್ಟಿಗೆ ಹಾಕಿದರು, ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡರು, ಚೀಲ ಎತ್ತಿಕೊಂಡರು, ಹೇಳ್ಬಿಡು ಅವಳಿಗೆ ಅಂದರು, ಹೋದರು. ಹೇಳ್ಬಿಡು! ಅವಳೇ ಹೇಳಬೇಕು, ಯಾವತ್ತೂ ಅವಳೇ ಹೇಳಬೇಕು, ಅತ್ತೆಯವರು ಹೋದ ದಿನವೂ ದಾರಿ ನೋಡುತ್ತಿದ್ದ ಆ ಜೀವಕ್ಕೆ, ಬರ್ತಿದ್ದಾರೆ ಅತ್ತೆ, ಹೊರಟಿದ್ದಾರಂತೆ ಅತ್ತೆ, ಎಂದು ಸುಳ್ಳು ಹೇಳಿದ್ದು ಅವಳ ಬಾಯೇ. ಜೇಬು ಮಗುಚಲಿಲ್ಲ. ಇವತ್ತು ಅವರು ಜೇಬು ಮಗುಚಲಿಲ್ಲ! — ಬಕೆಟ್ಟಿನ ಮುಂದೆ ಕೂತಿದ್ದವಳಿಗೆ ಅದು ಈಗ ಹೊಳೆಯಿತು, ಕೈ ನೀರಿನಿಂದ ತಾನಾಗಿ ಮೇಲೆ ಬಂತು. ಸೂಜಿಯ ಲೆಕ್ಕ ಇಡುವ ಗಂಡಸು ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದು, ಜೇಬಿನಲ್ಲೇ ಬಿಟ್ಟು, ವಾಪಸು ಹೋಗಿ, ಮೂರನೆಯವರ ಹಾಗೆ ಎಲ್ಲರ ಜೊತೆ ಅದನ್ನೇ ಹುಡುಕುತ್ತಾ ಇದ್ದಾರೆ. ಬಾಗಿಲಲ್ಲಿ ನಿಂತು ಒಂದು ಮಾತೂ ಆಡಲಿಲ್ಲವಲ್ಲ, ಎಂಥ ಕಲ್ಲು ಅಂತ ಅವಳು ಬೈದುಕೊಂಡಿದ್ದಳು. ಆಡದೆ ಇದ್ದದ್ದು ಇಲ್ಲಿದೆ, ಒದ್ದೆಯಾಗಿ, ಅವಳ ಕೈಯಲ್ಲಿ.

ಮಗಳ ಭುಜ ಒಂದು ಕಡೆ ಇಳಿದದ್ದನ್ನು ಮೊದಲು ನೋಡಿದವರೂ ಅವರೇ, ಅದೂ ಅವಳಿಗೆ ಇನ್ನೂ ಆರದ ಹೊಟ್ಟೆಕಿಚ್ಚು, ದಿನಾ ತಲೆ ಬಾಚುವವಳು ತಾನು, ಲಂಗದ ಅಂಚು ಒಂದು ಕಡೆ ಜೋತುಬೀಳುತ್ತದೆ ಅಂತ ಬಿಚ್ಚಿ ಬಿಚ್ಚಿ ಹೊಲಿದು ದರ್ಜಿಯನ್ನು ಬೈದವಳು ತಾನು, ಇವರು ದೂರದ ಗಡಿಯ ಪೋಸ್ಟಿಂಗಿನಿಂದ ರಜೆಗೆ ಬಂದವರು, ಶೂ ಬಿಚ್ಚುವುದಕ್ಕೂ ಮೊದಲೇ, ಸ್ವಲ್ಪ ತಿರುಗಿ ನಿಂತ್ಕೊ ಮರಿ, ಅಂದರು, ಬಾಗಿಲ ಮೇಲಿಂದ ದಾರ ಇಳಿಬಿಟ್ಟರು, ದಾರದ ತುದಿಗೆ ಒಂದು ನಟ್ಟು, ವಿಮಾನದ ರೆಕ್ಕೆ ಸಮ ಇದೆಯೇ ಅಂತ ನೋಡುವುದು ಹಾಗೇ ಅಂತೆ, ದಾರ ಕುತ್ತಿಗೆಯ ಹತ್ತಿರ ಬೆನ್ನ ನಡುವೆ, ಸೊಂಟದ ಹತ್ತಿರ ಎಲ್ಲೋ ಪಕ್ಕಕ್ಕೆ. ಆ ರಾತ್ರಿಯೂಟ ಅವರಿಗೆ ಸೇರಲಿಲ್ಲ. ಬೆನ್ನಿನ ಒಂದು ಕಡೆ ಮೂಳೆ ಎದ್ದು ನಿಂತಿದೆ ಮಗುವಿಗೆ, ಅದನ್ನೇ ತಮಾಷೆ ಮಾಡಿಕೊಳ್ಳುತ್ತದೆ, ನಂಗೆ ಒಂದೇ ರೆಕ್ಕೆ ಬಂದಿದೆ ಅಮ್ಮ, ಅಪ್ಪನ ಹತ್ರ ಹೇಳಿ ಇನ್ನೊಂದು ಜೋಡಿಸ್ಕೋತೀನಿ. ಡಾಕ್ಟರು ನೇರವಾಗಿ ಹೇಳಿದ್ದಾರೆ, ಸರಿಹೋಗಬಹುದು, ಕಾಲಿನ ಬಲ ಹೋಗಲೂಬಹುದು, ಮಾಡದಿದ್ದರೆ ಉಸಿರಿಗೇ ಕಷ್ಟ. ಆಗ ಮಗಳು ಡಾಕ್ಟರನ್ನು ಕೇಳಿದ್ದು ಒಂದೇ, ಮತ್ತಿನ ಇಂಜೆಕ್ಷನ್ ಕೊಡುವಾಗ ಅಪ್ಪ ಪಕ್ಕದಲ್ಲಿ ಇರಬಹುದಾ? ಇರಬಹುದು, ಅಂದರು ಡಾಕ್ಟರು. ಇರ್ತೀನಿ, ಅಂದರು ಇವರು. ಆಸ್ಪತ್ರೆ ಇಲ್ಲೇ, ಸ್ಟೇಷನ್ನಿನ ಬೇಲಿಯೊಳಗೇ, ಅಡುಗೆಮನೆಯ ಕಿಟಕಿಯಿಂದ ಅದರ ನೀರಿನ ಟ್ಯಾಂಕು ಕಾಣುತ್ತದೆ. ಬೆಳಿಗ್ಗೆ ಅವಳು ಹೇಳಿದಳು, ಹೇಳಲೇಬೇಕಾಯಿತು, ಅಪ್ಪ ಮಧ್ಯಾಹ್ನ ಹೊರಡ್ತಿದ್ದಾರೆ ಪುಟ್ಟ ಅಂತ, ಹುಡುಗಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿತ್ತು, ಕೈ ನಿಲ್ಲಲಿಲ್ಲ, ಹೋಗ್ಲಿ ಬಿಡಮ್ಮ, ಅಪ್ಪ ಯಾವತ್ತು ಇದ್ರು, ಅಂದಿತು, ಸಿಟ್ಟಿಲ್ಲದೆ, ಇವತ್ತು ಮೋಡ ಇದೆ ಅನ್ನುವಷ್ಟು ಸಲೀಸಾಗಿ. ಸಿಟ್ಟು ಮಾಡಿಕೊಂಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಸಲೀಸು ಅವಳನ್ನು ಅಡುಗೆಮನೆಯಿಂದ ಎಬ್ಬಿಸಿ ಬಟ್ಟೆಯ ಬಕೆಟ್ಟಿನ ಮುಂದೆ ಕೂರಿಸಿತು.

ಈಗ ಸ್ಪ್ಯಾನರು ಅವಳ ಕೈಯಲ್ಲಿದೆ, ಎಷ್ಟೊಂದು ವಿಮಾನಗಳ ಕುತ್ತಿಗೆ ಅವಳ ಮುಷ್ಟಿಯಲ್ಲಿದೆ, ಅವಳಿಗೆ ನಗು ಬಂತು, ಸೋಪಿನ ನೊರೆ ಮೊಣಕೈವರೆಗೂ ಏರಿರುವ ಹೆಂಗಸು ಒಬ್ಬಳು ಆಕಾಶ ನಿಲ್ಲಿಸಿ ಕೂತಿದ್ದಾಳೆ. ಸಕ್ಕರೆ ಡಬ್ಬಿಯಲ್ಲಿ ಹಾಕಿ ಮುಚ್ಚಿಬಿಡಲೇ, ನಾಳೆ ಮಧ್ಯಾಹ್ನದವರೆಗೂ, ಮಗು ಕಣ್ಣು ಬಿಡುವವರೆಗೂ, ಹುಡುಕಲಿ, ನೆಲ ಬಗೆದು ಹುಡುಕಲಿ — ಆದರೆ ಎದುರು ಮನೆಯ ಬಾಣಂತಿ ಅಳುತ್ತಿದೆ, ರೇಡಿಯೋ ಗಂಡ ತಿಂಡಿ ತಿಂದಿಲ್ಲ, ಅವರ ಮನೆಗಳನ್ನೂ ಖಾಲಿ ಮಾಡಿ ತನ್ನ ಮನೆ ತುಂಬಿಕೊಳ್ಳುವುದೇ, ಥೂ, ಅದು ಆಗದ ಮಾತು. ಇನ್ನೊಂದು ದಾರಿ ಇದೆ, ಸೊಗಸಾದ ದಾರಿ, ಹ್ಯಾಂಗರಿಗೆ ಹೋಗುವ ರಸ್ತೆಯ ಬದಿ ಹುಲ್ಲಿನಲ್ಲಿ ಬಿದ್ದಿತ್ತು, ತರಕಾರಿಗೆ ಹೋಗುವಾಗ ಕಾಲಿಗೆ ಸಿಕ್ಕಿತು ಅಂದರಾಯಿತು, ಯಾರ ಕೈಯಿಂದ ಬಿತ್ತೋ ಯಾರಿಗೆ ಗೊತ್ತು, ಇವರ ಹೆಸರು ಬೆಳ್ಳಗೆ ಉಳಿಯುತ್ತದೆ, ಈ ವರ್ಷ ಬರಬೇಕಾದ ಬಡ್ತಿ ಬರುತ್ತದೆ, ಇಡೀ ಸರ್ವೀಸಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದವರು ಅಂತ ನಾಲ್ಕು ಜನ ಅನ್ನುತ್ತಾರೆ — ಮಧ್ಯಾಹ್ನದ ವಿಮಾನವೂ ಹೊರಡುತ್ತದೆ. ಇವರನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಹೊರಡುತ್ತದೆ. ಜೇಬಿನಲ್ಲಿತ್ತು ಅಂದರೆ? ಅಂದರೆ ಹೆಸರು ಹೋಯಿತು, ಬಡ್ತಿ ಹೋಯಿತು, ನಾಳೆಯಿಂದ ಇವರ ಹೆಸರೂ ಸ್ಪ್ಯಾನರ್, ಆದರೆ ಸ್ಟೇಷನ್ ಬಿಟ್ಟು ಹೋಗೋ ಹಾಗಿಲ್ಲ. ಅವರು ಜೀವಮಾನವೆಲ್ಲ ಉಜ್ಜಿ ಉಜ್ಜಿ ಹೊಳೆಯಿಸಿದ್ದು ಆ ಹೆಸರೊಂದನ್ನೇ. ಅದನ್ನು ಕೆಡಿಸುವ ಹಕ್ಕು ತನಗೆ ಇದೆಯೇ, ಎಂದು ಕೇಳಿಕೊಂಡಳು, ಕೇಳಿಕೊಂಡದ್ದಕ್ಕೇ ಮೈ ಉರಿಯಿತು. ಹಕ್ಕಂತೆ! ಈ ಮನೆಯ ಗೋಡೆಯ ಮೇಲೆ ಒಬ್ಬ ಗಂಡಸಿನ ಆಕಾರದ ಬಿಳಿ ಬಣ್ಣ ಬಳಿದಿಟ್ಟಿದ್ದರೆ ಎಲ್ಲರಿಗೂ ಕಾಣುತ್ತಿತ್ತು, ಹೆರಿಗೆಯ ದಿನ ಬಿಳಿ, ಅತ್ತೆ ಹೋದ ದಿನ ಬಿಳಿ, ಮಗು ಮೊದಲ ಸಲ ನಡೆದ ದಿನ ಬಿಳಿ, ಸ್ಕೂಲಿನ ವೇದಿಕೆಯ ಮೇಲೆ ಒಂದು ಭುಜ ತಗ್ಗಿಸಿ ನಿಂತು ಹಾಡಿದ ದಿನ ಬಿಳಿ, ಅಂಗೈಯುದ್ದದ ಕಬ್ಬಿಣ ಕಾಣೆಯಾದರೆ ಇಡೀ ಪಡೆ ಮಂಡಿಯೂರಿ ಹುಡುಕುತ್ತದೆ, ಇಲ್ಲಿ ಆಳೇ ಕಾಣೆ, ಯಾವ ವಿಮಾನ ನಿಲ್ಲಿಸಿದಿರಿ ಸ್ವಾಮಿ?

ಎದ್ದಳು. ಓವರಾಲ್ ಬಕೆಟ್ಟಿನಲ್ಲೇ ಇರಲಿ. ಬಟ್ಟೆ ಬದಲಾಯಿಸಲಿಲ್ಲ, ಸಾಹೇಬರ ಮುಂದೆ ಹೋಗುವಾಗ ಹೇಗಿರಬೇಕೆಂದು ಕ್ವಾರ್ಟರ್ಸಿನ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ, ಇವತ್ತು ಹೀಗೇ, ಮುಂದೆಲ್ಲ ಒದ್ದೆ, ಹರಿದ ಚಪ್ಪಲಿ. ಎಲ್ಲಿಗಮ್ಮ, ಅಂದಳು ಮಗಳು, ಆಸ್ಪತ್ರೆಗೆ ತುಂಬಿದ ಚೀಲದ ಪಕ್ಕದಲ್ಲಿ ಓರೆಯಾಗಿ ಕೂತು. ನಿಮ್ಮಪ್ಪನ ಹೆಸರು ಕೆಡಿಸೋಕೆ ಹೋಗ್ತಿದ್ದೀನಿ, ಬಾಗಿಲು ಹಾಕ್ಕೋ. ಹುಡುಗಿ ಮುಷ್ಟಿ ನೋಡಿತು, ಅದರ ಎರಡೂ ಕಡೆ ಇಣುಕುತ್ತಿದ್ದ ಕಬ್ಬಿಣದ ಬಾಯಿ ನೋಡಿತು, ಬುದ್ಧಿವಂತೆ, ಅಪ್ಪನ ಮಗಳು. ಅಪ್ಪನ ಜೇಬಲ್ಲಿತ್ತಾ? ಅಪ್ಪನ ಜೇಬಲ್ಲಾ? ಎಂದು ಎರಡು ಸಲ ಕೇಳಿತು, ಎರಡನೆಯ ಸಲ ಕೇಳುವಾಗ ಅದರ ಮುಖ ಬೇರೆಯಾಗಿತ್ತು, ಬೆಳಗಿನ ಸಲೀಸು ಎಲ್ಲಿ ಹೋಯಿತೋ. ಹೂಂ, ನಿನ್ನ ನೋಡೋಕೆ ಬಂದಿದ್ರು, ಮೈಮೇಲೆ ಜ್ಞಾನ ಇರ್ಲಿಲ್ಲ, ಅಂದಳು ಅವಳು, ಹೊರಗೆ ಬಿದ್ದಳು. ರಸ್ತೆಯ ತುಂಬ ಆ ಮೌನ. ರೇಡಿಯೋ ಕಾಂಪೌಂಡಿನ ಮೇಲಿಂದ, ಎಲ್ಲಿಗೆ ಕಣೆ ಇದೇನೆ ಅವತಾರ, ಅಂತ ಕೂಗಿದ್ದು ಬೆನ್ನಿಗೆ ಬಡಿಯಿತು, ತಿರುಗಿ ನೋಡಲಿಲ್ಲ. ರಸ್ತೆಯ ಬದಿ ಹುಲ್ಲು, ಎಷ್ಟು ಚೆನ್ನಾಗಿ ಬೆಳೆದಿದೆ, ಏನನ್ನು ಬೇಕಾದರೂ ಬೀಳಿಸಬಹುದು ಅದರಲ್ಲಿ, ಬೀಳಿಸಿ ಎತ್ತಿಕೊಂಡರೆ ಸುಳ್ಳೂ ಅರ್ಧ ನಿಜವಾಗುತ್ತದೆ, ನಡೆ, ಸುಮ್ಮನೆ ನಡೆ.

ಗೇಟಿನಲ್ಲಿ ಪಹರೆಯವನು ಅಡ್ಡ ಬಂದ, ಆಂಟಿ, ಇವತ್ತು ಯಾರನ್ನೂ ಒಳಗೆ ಬಿಡೋ ಹಾಗಿಲ್ಲ. ಬಿಡ್ಬೇಡಪ್ಪ, ಸಾಹೇಬರನ್ನೇ ಹೊರಗೆ ಕರಿ, ನೀವು ಹುಡುಕ್ತಿರೋದು ನನ್ನ ಕೈಲಿದೆ ಅಂತ ಹೇಳು. ಅವನು ಅವಳ ಮುಷ್ಟಿ ನೋಡಿದ, ಓಡಿದ. ಗೇಟಿನ ಸರಳುಗಳ ಆಚೆ ಹ್ಯಾಂಗರು ಬಾಗಿಲು ತೆರೆದುಕೊಂಡು ನಿಂತಿದೆ, ವಿಮಾನಗಳ ಹೊಟ್ಟೆಯ ತಗಡನ್ನೆಲ್ಲ ಕಳಚಿಟ್ಟಿದ್ದಾರೆ, ನೆಲದ ಮೇಲೆ ಗಂಡಸರ ಸಾಲು, ಮಂಡಿಯೂರಿ, ಕೈಯೂರಿ, ದಪ್ಪ ಮೀಸೆಯವರು ಅಂಬೆಗಾಲಿಡುತ್ತಿದ್ದಾರೆ, ಬೇರೆ ದಿನವಾಗಿದ್ದರೆ ನಗುತ್ತಿದ್ದಳು, ಗೋಡೆಯ ಮೇಲೆ ಹಲಗೆ, ಇಷ್ಟು ದೂರಕ್ಕೂ ಕಾಣುತ್ತದೆ, ಎಲ್ಲ ಕಪ್ಪು ಕಪ್ಪು ಕಬ್ಬಿಣ, ನಡುವೆ ಒಂದೇ ಒಂದು ಬಿಳಿ, ಅಂಗೈಯುದ್ದ, ಎರಡು ತುದಿಗೂ ಬಾಯಿ. ಸಾಹೇಬರು ಬಂದರು, ಅವರ ಮಂಡಿಗೂ ಧೂಳು, ಅವರೂ ಹುಡುಕಿದ್ದಾರೆ, ಬೆಳಗಿನಿಂದ ನೀರೂ ಕುಡಿದಿಲ್ಲದ ಮುಖ, ಬೈಯಲಿಕ್ಕೆ ಬಂದವಳಿಗೆ ಬೈಗುಳ ಸ್ವಲ್ಪ ಹಿಂದೆ ಸರಿಯಿತು. ಅವರ ಹಿಂದೆ, ಸ್ವಲ್ಪ ದೂರದಲ್ಲಿ, ಇವರು. ಸಮವಸ್ತ್ರದ ಇಸ್ತ್ರಿ ಎಲ್ಲ ಹಾಳು. ಅವಳನ್ನು ನೋಡಿದರು, ಮಗಳಿಗೇ ಏನೋ ಆಯಿತು ಅಂದುಕೊಂಡು ಮುಖ ಬೂದಿಯಾಯಿತು, ಆಮೇಲೆ ಮುಷ್ಟಿ ನೋಡಿದರು, ಕೈ ತಾನಾಗಿ ತೊಡೆಯ ಹತ್ತಿರ ಹೋಯಿತು, ಓವರಾಲಿನ ಜೇಬು ಇರುವ ಜಾಗಕ್ಕೆ, ಅಲ್ಲಿ ಜೇಬಿರಲಿಲ್ಲ.

ಎಲ್ಲಿ ಸಿಕ್ತಮ್ಮ ಇದು, ಅಂದರು ಸಾಹೇಬರು, ರಸ್ತೇಲಾ? — ಅವರೇ ದಾರಿ ಹಾಕಿಕೊಟ್ಟುಬಿಟ್ಟರು, ಹೂಂ ಅಂದರೆ ಸಾಕು, ಒಂದು ಅಕ್ಷರ, ಇವರು ಉಳಿಯುತ್ತಾರೆ, ಬೆಳ್ಳಗೆ, ಆಕಾಶದಲ್ಲಿ — ಇವರ ಜೇಬಲ್ಲಿ, ಅಂದಳು, ಗಟ್ಟಿಯಾಗಿ, ಹ್ಯಾಂಗರಿನ ಒಳಗಿನವರಿಗೂ ಕೇಳುವ ಹಾಗೆ, ಓವರಾಲ್ ಒಗೀತಿದ್ದೆ, ಜೇಬಲ್ಲಿತ್ತು, ಇಷ್ಟು ವರ್ಷದಲ್ಲಿ ಇದೇ ಮೊದಲನೇ ತಪ್ಪು, ಯಾಕೆ ತಪ್ಪಾಯ್ತು ಅಂತ ಕೇಳಿ ಸಾರ್, ನಾಳೆ ಇವರ ಮಗಳ ಬೆನ್ನು ಕೊಯ್ತಾರೆ, ಇವತ್ತು ಇವರನ್ನ ಹೊರಡಿಸ್ತಿದ್ದೀರಿ, ಬೆಳಿಗ್ಗೆ ಅದನ್ನ ಮಗೂಗೆ ಹೇಳೋಕೆ ಬಂದೋರು ಹೇಳೋಕೂ ಆಗ್ದೆ ಹೋದ್ರು, ಇಷ್ಟುದ್ದ ಕಬ್ಬಿಣಕ್ಕೆ ಇಷ್ಟು ಜನ ಮಂಡಿಯೂರಿದ್ದೀರಲ್ಲ, ನಮ್ಮನೇಲಿ ಇಡೀ ಆಳೇ ಕಾಣೆ ಸಾರ್, ಹುಡುಕಿಕೊಡಿ. ಅಂಬೆಗಾಲಿಡುತ್ತಿದ್ದವರು ಹಾಗೇ ನಿಂತರು. ಸಾಹೇಬರು ತಿರುಗಿ ಇವರನ್ನು ನೋಡಿದರು, ಹೌದೇನ್ರೀ? ಈಗ ಇವರು ಗೊತ್ತಿಲ್ಲ ಸಾರ್ ಅಂದರೆ, ನೆನಪಿಲ್ಲ ಸಾರ್ ಅಂದರೆ, ಹೆಸರು ಹಿಡಿದುಕೊಂಡರೆ, ಹಿಡಿದುಕೊಳ್ಳುವುದೇ ಅವರ ಸ್ವಭಾವ — ಇವರು ಹಲಗೆಯ ಕಡೆ ನೋಡಿದರು, ಆ ಒಂದು ಬಿಳಿಯನ್ನು, ಆಮೇಲೆ ಹೌದು ಸಾರ್ ಅಂದರು, ನಾನೇ. ಮಗು ಮಲಗಿತ್ತು ಸಾರ್. ನಿಮಗೆ ಗೊತ್ತಲ್ಲ ಇದರ ಅರ್ಥ, ಅಂದರು ಸಾಹೇಬರು ಮೆಲ್ಲಗೆ, ವಿಚಾರಣೆ ಮುಗಿಯೋವರೆಗೂ ವಿಮಾನ ಹತ್ತೋ ಹಾಗಿಲ್ಲ, ಸ್ಟೇಷನ್ ಬಿಡೋ ಹಾಗಿಲ್ಲ, ಬಡ್ತಿ ಈ ಸಲ ಮರೆತುಬಿಡಿ. ಗೊತ್ತು ಸಾರ್. ಬೇಲಿ ಒಳಗೆ ಎಲ್ಲಿರ್ತೀರಿ ಅನ್ನೋದು ನನಗೆ ಬೇಕಾಗಿಲ್ಲ, ಆಸ್ಪತ್ರೆನೂ ಬೇಲಿ ಒಳಗೇ ಇದೆ. ಗೊತ್ತು ಸಾರ್, ಎಂದರು ಇವರು ಮತ್ತೆ, ಈ ಸಲ ಧ್ವನಿ ಒಡೆಯಿತು.

ಸಾಹೇಬರು ಸರಳಿನ ನಡುವೆ ಕೈ ಚಾಚಿದರು. ಕೊಡಬೇಕು, ಕೊಡಲಿಕ್ಕೇ ಬಂದದ್ದು, ಬೆರಳು ಬಿಚ್ಚುತ್ತಿಲ್ಲ, ಅಷ್ಟು ಹೊತ್ತು ಬಿಗಿ ಹಿಡಿದದ್ದು, ಇನ್ನೊಂದು ಕೈಯಿಂದ ಒಂದೊಂದಾಗಿ ಬಿಡಿಸಿದಳು, ಕಬ್ಬಿಣ ಹೋಯಿತು, ಯಾರೋ ಓಡಿ ಒಯ್ದು ನೇತುಹಾಕಿದರು, ಹಲಗೆಯ ಮೇಲಿನ ಬಿಳಿ ಮುಚ್ಚಿಹೋಯಿತು, ಎಲ್ಲೋ ಒಂದು ಎಂಜಿನ್ನು ಕೆಮ್ಮಿತು, ಎದ್ದಿತು, ಗೇಟಿನ ಸರಳು ಕಟಕಟ ಅಂದಿತು. ಇವರು ಗೇಟಿನಿಂದ ಹೊರಗೆ ಬಂದು ನಿಂತಿದ್ದಾರೆ, ಚೀಲ ಭುಜಕ್ಕೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಸೌಟು ಇನ್ನೂ ಚಾಕು ಜಾಗದಲ್ಲೇ ಇದೆಯಾ, ಅನ್ನುತ್ತಾರೆ, ಇದೆ, ಅನ್ನುತ್ತಾಳೆ, ಅಲ್ಲೇ ಇರುತ್ತೆ, ನಾಳೆ ಅವಳು ಕಣ್ಣು ಬಿಡೋವರೆಗೂ ಅದನ್ನ ಮುಟ್ಟೋ ಹಾಗಿಲ್ಲ. ಅವರು ಅವಳ ಕೈ ಹಿಡಿದು ತಿರುಗಿಸಿ ನೋಡಿದರು. ಉರೀತಿದ್ಯಾ? ಉರೀಲಿ ಬಿಡಿ. ಅಂಗೈಯ ನಡುವೆ ಕೆಂಪಗೆ, ಕಬ್ಬಿಣ ಒತ್ತಿದ ಗುರುತು, ಎರಡು ತುದಿಗೂ ಬಾಯಿ, ನಂಬರು ಕೂಡ ಮೂಡಿದೆ, ತಿರುಗುಮುರುಗಾಗಿ, ಸ್ಪ್ಯಾನರಿಲ್ಲದ ಸ್ಪ್ಯಾನರಿನ ಆಕಾರ, ಅದರ ಮೇಲೆ ಇವರ ಹೆಬ್ಬೆರಳು, ಆ ಆಕಾರ, ಇವರ ಹೆಬ್ಬೆರಳು, ಆ ಆಕಾರ —